ಶೋಲಾ ಕಾಡಿನ ನೀಲಿ ಹಕ್ಕಿ: ಹೆಸರು, ವರ್ಗೀಕರಣ ಮತ್ತು ಜನಪದ ತಿಳಿವಳಿಕೆ

ನಮ್ಮ ನಿಘಂಟುಗಳಲ್ಲಿಯೂ ಜನಪದ ಗೀತೆಗಳ ಸಂಕಲನಗಳ ಕೊನೆಯಲ್ಲಿ ಕೊಡುವ ಪದಕೋಶಗಳಲ್ಲಿಯೂ ‘ಒಂದು ಬಗೆಯ ಹಕ್ಕಿ’ ಎಂಬ ಅರ್ಥವಿವರಣೆ ಮತ್ತೆ ಮತ್ತೆ ಎದುರಾಗುತ್ತದೆ. ಗಿಡಗಳ ವಿಷಯದಲ್ಲಿ ‘ಒಂದು ಜಾತಿಯ ಸಸ್ಯ’, ಮೀನಿನ ವಿಷಯದಲ್ಲಿ ‘ಒಂದು ತರದ ಮೀನು’ ಎಂಬ ಮಾತುಗಳೂ ಇದೇ ಬಗೆಯವು. ಸಂಪಾದಕನಿಗೆ ಆ ಜೀವಿಯ ಗುರುತು ಸಿಗಲಿಲ್ಲ ಎಂಬುದಷ್ಟೇ ಇದರ ಅರ್ಥ. ಆದರೆ ಅಚ್ಚಾದ ಮೇಲೆ ಅದು ಹಾಡಿದವರಿಗೇ ಗುರುತು ಇರಲಿಲ್ಲವೇನೋ ಎಂಬ ಭಾವನೆ ಹುಟ್ಟಿಸುತ್ತದೆ. ಪ್ರಸ್ತುತ ಲೇಖನದಲ್ಲಿ ಪಶ್ಚಿಮಘಟ್ಟದ ಶೋಲಾ ಕಾಡುಗಳ ಒಂದು ಸಣ್ಣ ಹಾಡುಹಕ್ಕಿಯನ್ನು ಆಧಾರವಾಗಿಟ್ಟುಕೊಂಡು, ಒಂದು ಜೀವಿಗೆ ಹೆಸರಿಡುವುದೆಂದರೇನು, ಅದನ್ನು ಒಂದು ಬಳಗಕ್ಕೆ ಸೇರಿಸುವುದೆಂದರೇನು ಎಂಬ ಪ್ರಶ್ನೆಗಳನ್ನು ಚರ್ಚಿಸಲಾಗಿದೆ. ಪಕ್ಷಿವಿಜ್ಞಾನ ಈ ಲೇಖಕಿಯ ಕ್ಷೇತ್ರವಲ್ಲ. ಆದರೆ ವರ್ಗೀಕರಣ ಜಾನಪದ ಅಧ್ಯಯನದ ಹಳೆಯ ಸಮಸ್ಯೆಗಳಲ್ಲೊಂದು. ಆ ದಾರಿಯಿಂದಲೇ ಈ ಹಕ್ಕಿಯ ಬಳಿಗೆ ಬರಬೇಕಾಯಿತು.

ಹಕ್ಕಿ ಮತ್ತು ಅದರ ನೆಲೆ

ಇಂಗ್ಲಿಷಿನಲ್ಲಿ ಇದನ್ನು ನೀಲ್ಗಿರಿ ಬ್ಲೂ ರಾಬಿನ್ ಎಂದೂ ಇತ್ತೀಚೆಗೆ ನೀಲ್ಗಿರಿ ಶೋಲಾಕಿಳಿ ಎಂದೂ ಕರೆಯುತ್ತಾರೆ. ವೈಜ್ಞಾನಿಕ ನಾಮ ಷೋಲಿಕೋಲ ಮೇಜರ್. ಗುಬ್ಬಚ್ಚಿಗಿಂತ ಅಷ್ಟೇನೂ ದೊಡ್ಡದಲ್ಲದ, ಸುಮಾರು 15 ಸೆಂಟಿಮೀಟರ್ ಉದ್ದದ ಹಕ್ಕಿ. ಬೆನ್ನು, ತಲೆ, ಎದೆ ಮಬ್ಬು ನೀಲಿ. ಪಕ್ಕೆಗಳಲ್ಲಿ ಇಟ್ಟಿಗೆಯ ಕೆಂಪು. ಹೊಟ್ಟೆಯ ನಡುವೆ ಬಿಳುಪು. ರೆಕ್ಕೆಗಳು ಗಿಡ್ಡ, ಕಾಲುಗಳು ದೇಹದ ಅಳತೆಗೆ ಉದ್ದ. ಗಂಡು ಹೆಣ್ಣುಗಳನ್ನು ನೋಟದಿಂದ ಬೇರ್ಪಡಿಸುವುದು ಕಷ್ಟ. ನೆಲದ ಮೇಲೆ, ಕೊಳೆಯುವ ತರಗೆಲೆಗಳ ನಡುವೆ ಕುಪ್ಪಳಿಸುತ್ತಾ ಹುಳುಹುಪ್ಪಟೆಗಳನ್ನು ಹೆಕ್ಕಿ ತಿನ್ನುತ್ತದೆ. ಮರದ ಪೊಟರೆಯಲ್ಲೋ ದರೆಯ ಬಿಲದಲ್ಲೋ ಪಾಚಿಯಿಂದ ಗೂಡು ಮಾಡಿ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತದೆ.

ಘಟ್ಟದ ಎತ್ತರದ ಬೆಟ್ಟಗಳಲ್ಲಿ ನೆತ್ತಿಯೆಲ್ಲ ಹುಲ್ಲುಗಾವಲು, ಮಡಿಕೆಗಳಲ್ಲಿ ಮಾತ್ರ ಕುಳ್ಳಗಿನ, ಒತ್ತೊತ್ತಾದ ನಿತ್ಯಹರಿದ್ವರ್ಣದ ಕಾಡು. ಇದೇ ಶೋಲಾ. ಹೊರಗೆ ನಿಂತು ನೋಡಿದರೆ ಹಸಿರು ಹಾಸಿನ ಮೇಲೆ ಕರಿಯ ತೇಪೆಗಳಂತೆ ಕಾಣುತ್ತದೆ. ಒಳಗೆ ಹೊಕ್ಕರೆ ಹಗಲಿನಲ್ಲೂ ಮುಸ್ಸಂಜೆ. ಇಂಥ ಕಾಡಿನ ನೆಲದಲ್ಲಿ ವಾಸಿಸುವ ಮಬ್ಬು ನೀಲಿಯ ಹಕ್ಕಿ ಕಣ್ಣಿಗೆ ಬೀಳುವುದು ಅಪರೂಪ. ಅದು ಇದೆಯೆಂದು ತಿಳಿಯುವುದು ದನಿಯಿಂದ: ಸಿಳ್ಳೆಯಂಥ ಇಂಪಾದ ಸ್ವರಗಳು, ಅವುಗಳ ನಡುವೆ ಗಂಟಲು ಕೆರೆದಂಥ ಒರಟು ಸ್ವರಗಳು.

ಈ ಹಕ್ಕಿಯ ವ್ಯಾಪ್ತಿ ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಗಳಿಂದ ಕೊಡಗಿನ ದಕ್ಷಿಣದ ಬ್ರಹ್ಮಗಿರಿ, ವಯನಾಡಿನ ಬೆಟ್ಟಗಳು ಹಾಗೂ ನೀಲಗಿರಿಯವರೆಗೆ. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅಂದರೆ ಅದರ ನೆಲೆಯ ಉತ್ತರದ ತುದಿ ಕರ್ನಾಟಕದಲ್ಲಿದೆ. ಯೆಮನ್ನಿನಿಂದ ತಂದ ಏಳು ಕಾಫಿ ಬೀಜಗಳ ಐತಿಹ್ಯವನ್ನು ನಾವು ಯಾವ ಬೆಟ್ಟಕ್ಕೆ ಅಂಟಿಸಿ ಹೇಳುತ್ತೇವೆಯೋ ಅದೇ ಬೆಟ್ಟದಲ್ಲಿ. ಕಾಫಿಯ ಬರವನ್ನು ಕುರಿತು ನಮ್ಮಲ್ಲಿ ಕತೆಯಿದೆ. ಕಾಫಿ, ಚಹಾ, ನೀಲಗಿರಿ ಮರ, ಅಕೇಶಿಯಗಳು ಬಂದಾಗ ಶೋಲಾ ಮತ್ತು ಹುಲ್ಲುಗಾವಲಿನಿಂದ ಏನು ಹೋಯಿತೆಂಬುದಕ್ಕೆ ಅಷ್ಟು ಹೆಸರಾದ ಕತೆಯಿಲ್ಲ.

ಐದು ಕುಲಗಳ ಚರಿತ್ರೆ

ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1840ರ ದಶಕದಲ್ಲಿ ನೀಲಗಿರಿಯಲ್ಲಿ ಸಿಕ್ಕ ಈ ಹಕ್ಕಿಯನ್ನು ಮೊದಲಿಗೆ ವರ್ಣಿಸಿದನು. ಅವನು ಇದನ್ನು ಸೇರಿಸಿದ್ದು ಯುರೋಪಿನ ಕೆಂಬಾಲದ ಹಕ್ಕಿಗಳ ಕುಲವಾದ ಫೀನಿಕ್ಯೂರಕ್ಕೆ. ತನ್ನ ನಾಡಿನಲ್ಲಿ ಕಂಡ ಯಾವುದೋ ಹಕ್ಕಿಯ ನಡವಳಿಕೆ ಇದರಲ್ಲಿ ಅವನಿಗೆ ಕಂಡಿತು. ಇದನ್ನು ನಾವು ತಪ್ಪೆಂದು ನಗಬೇಕಾಗಿಲ್ಲ. ಹೊಸದನ್ನು ಕಂಡಾಗ ಗೊತ್ತಿರುವುದರ ಹೆಸರು ಹಿಡಿದೇ ಕರೆಯುವುದು ಎಲ್ಲ ಜನರ ರೂಢಿ. ಸ್ವಲ್ಪ ಕಾಲದಲ್ಲೇ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ ಕ್ಯಾಲೀನಿ ಎಂಬ ಹೊಸ ಕುಲವನ್ನು ಕಲ್ಪಿಸಿ ಇದನ್ನು ಅಲ್ಲಿಗೆ ಸಾಗಿಸಿದನು. 1868ರಲ್ಲಿ ಪಾಲ್ಘಾಟ್ ಕಂಡಿಯ ದಕ್ಷಿಣಕ್ಕಿರುವ ಪಳನಿ ಬೆಟ್ಟಗಳಿಂದ ಅಮೆರಿಕನ್ ಮಿಷನರಿ ಫೇರ್‌ಬ್ಯಾಂಕ್ ಸಂಗ್ರಹಿಸಿದ, ಪಕ್ಕೆಯಲ್ಲಿ ಕೆಂಪಿಲ್ಲದ, ಹೊಟ್ಟೆ ಬಿಳುಪಾದ ಇಂಥದೇ ಒಂದು ಹಕ್ಕಿಗೆ ಬ್ಲಾನ್‌ಫರ್ಡ್ ಆಲ್ಬಿವೆಂಟ್ರಿಸ್, ಅಂದರೆ ಬಿಳಿಹೊಟ್ಟೆಯದು, ಎಂಬ ಹೆಸರು ಕೊಟ್ಟನು.

ಇಪ್ಪತ್ತನೆಯ ಶತಮಾನದಲ್ಲಿ ಎರಡನ್ನೂ ಒಂದೇ ಪ್ರಭೇದದ ಎರಡು ಉಪಪ್ರಭೇದಗಳೆಂದು ಕೂಡಿಸಿ ಬ್ರಾಕಿಪ್ಟೆರಿಕ್ಸ್ ಕುಲಕ್ಕೆ ಒಪ್ಪಿಸಲಾಯಿತು. ಗ್ರೀಕ್ ಮೂಲದ ಆ ಪದದ ಅರ್ಥ ‘ಗಿಡ್ಡರೆಕ್ಕೆ’. ಜಾವಾದ ಹಕ್ಕಿಯೊಂದಕ್ಕಾಗಿ 1821ರಲ್ಲಿ ಕಲ್ಪಿತವಾದ ಕುಲವದು. 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದ ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲಿ ಅವರ ಕೈಪಿಡಿ ಇದೇ ವ್ಯವಸ್ಥೆಯನ್ನು ಅನುಸರಿಸಿದ್ದರಿಂದ ನಮ್ಮಲ್ಲಿ ಹಲವು ದಶಕ ಅದೇ ಪ್ರಮಾಣವಾಗಿ ಉಳಿಯಿತು. 2005ರಲ್ಲಿ ಪಮೇಲಾ ರಾಸ್ಮುಸ್ಸೆನ್ ಮತ್ತು ಜಾನ್ ಆಂಡರ್ಟನ್ ತಮ್ಮ ದಕ್ಷಿಣ ಏಷ್ಯಾದ ಪಕ್ಷಿಗ್ರಂಥದಲ್ಲಿ ಇವು ಗಿಡ್ಡರೆಕ್ಕೆಗಳೇ ಅಲ್ಲವೆಂದು ವಾದಿಸಿ, ಎರಡನ್ನೂ ಬೇರೆ ಬೇರೆ ಪ್ರಭೇದಗಳೆಂದು ಬಿಡಿಸಿ, ಮಯೋಮೆಲ ಎಂಬ ಕುಲದಲ್ಲಿಟ್ಟರು. ಅಲ್ಲಿಗೆ ನಾಲ್ಕು ಕುಲಗಳಾದವು. ಹಕ್ಕಿ ತನ್ನ ಕಣಿವೆಯಿಂದ ಒಂದು ಮಾರೂ ಅಲುಗಿರಲಿಲ್ಲ. (ಜೀವವಿಜ್ಞಾನದ ಕನ್ನಡ ಪರಿಭಾಷೆಗೆ ‘ಕುಲ’ ಎಂಬ ಪದವನ್ನು ಆರಿಸಿದವರಿಗೆ ಅದರ ಇನ್ನೊಂದು ಭಾರ ನೆನಪಿತ್ತೋ ಇಲ್ಲವೋ, ಕುಲ ಯಾವುದೆಂದು ಬೇರೆಯವರು ತೀರ್ಮಾನಿಸುವ ಪಾಡು ಮಾತ್ರ ಎರಡು ಕಡೆಯೂ ಒಂದೇ.)

ತೀರ್ಮಾನ ಬದಲಾದದ್ದು ಸಾಕ್ಷ್ಯದ ಬಗೆ ಬದಲಾದಾಗ. ಅದುವರೆಗಿನ ವರ್ಗೀಕರಣಕ್ಕೆ ಮುಖ್ಯ ಆಧಾರ ವಸ್ತುಸಂಗ್ರಹಾಲಯದ ಸೆಳೆಡಬ್ಬಗಳಲ್ಲಿದ್ದ, ಹತ್ತಿ ತುಂಬಿದ ಹಕ್ಕಿಚರ್ಮ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಉಮಾ ರಾಮಕೃಷ್ಣನ್, ವಿ. ವಿ. ರಾಬಿನ್ ಮತ್ತು ಅವರ ಸಹೋದ್ಯೋಗಿಗಳು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ, ತೆಳುಬಲೆಯಲ್ಲಿ ಹಕ್ಕಿಯನ್ನು ಹಿಡಿದು, ತೊಟ್ಟು ರಕ್ತ ತೆಗೆದು, ಬಿಟ್ಟುಬಿಟ್ಟರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನವು ಘಟ್ಟಸಾಲನ್ನು ಕಡಿಯುವ ಕಂಡಿಗಳೇ ಈ ಹಕ್ಕಿಗಳ ವಂಶವನ್ನೂ ಕಡಿದಿವೆ ಎಂದು ತೋರಿಸಿತು. ಸುಮಾರು 30 ಕಿಲೋಮೀಟರಿಗೂ ಹೆಚ್ಚು ಅಗಲದ ಪಾಲ್ಘಾಟ್ ಕಂಡಿ ಮನುಷ್ಯರಿಗೆ ಹಾದಿ, ರೈಲಿಗೆ ದಾರಿ. ತಂಪು ಕಾಡಿನ ಈ ಪುಟ್ಟ ಹಕ್ಕಿಗೆ ಮಾತ್ರ ದಾಟಲಾಗದ ಕಡಲು. ಬೆಟ್ಟದ ನೆತ್ತಿಗಳು ದ್ವೀಪಗಳಂತೆ ಉಳಿದವು. ವಿಜ್ಞಾನಿಗಳು ಇವುಗಳನ್ನು ಆಗಸದ ದ್ವೀಪಗಳೆಂದೇ ಕರೆಯುತ್ತಾರೆ. 2017ರಲ್ಲಿ ಇದೇ ಬಳಗ, ಅಮೆರಿಕದ ಸುಷ್ಮಾ ರೆಡ್ಡಿ ಮೊದಲಾದವರೊಡಗೂಡಿ, ವಂಶವಾಹಿಯ ಜೊತೆಗೆ ಮೈಯಳತೆ, ಗರಿಬಣ್ಣ, ಹಾಡುಗಳನ್ನೂ ಒಟ್ಟಿಗೆ ಪರಿಶೀಲಿಸಿ, ಇವು ಹಳೆಯ ಯಾವ ಕುಲಕ್ಕೂ ಸೇರುವುದಿಲ್ಲವೆಂದು ತೀರ್ಮಾನಿಸಿ ಷೋಲಿಕೋಲ ಎಂಬ ಹೊಸ ಕುಲವನ್ನು ಸ್ಥಾಪಿಸಿತು. ಅದು ಐದನೆಯದು. ದಕ್ಷಿಣದ ಶೆಂಕೋಟೆ ಕಂಡಿಯಾಚೆಯ ಅಶಂಬು ಬೆಟ್ಟಗಳ ಹಕ್ಕಿಗೂ ಅವರು ಪ್ರತ್ಯೇಕ ಹೆಸರು ಕೊಟ್ಟರು. ಅದನ್ನು ಪ್ರಭೇದವೆಂದು ಎಣಿಸಬೇಕೋ ಉಪಪ್ರಭೇದವೆಂದೋ ಎಂಬ ಪ್ರಶ್ನೆಗೆ ಪಕ್ಷಿಪಟ್ಟಿಗಳೆಲ್ಲ ಒಂದೇ ಉತ್ತರ ಕೊಡಲಿಲ್ಲ.

ಈ ಸಂಶೋಧನೆಯ ಫಲಿತಾಂಶದಲ್ಲಿ ಅತ್ಯಂತ ಕುತೂಹಲಕರವಾದುದು ಬೇರೊಂದಿದೆ. ಈ ಹಕ್ಕಿಯ ಹತ್ತಿರದ ನೆಂಟರು ಗಿಡ್ಡರೆಕ್ಕೆಗಳೂ ಅಲ್ಲ, ರಾಬಿನ್‌ಗಳೂ ಅಲ್ಲ. ಕೊಂಬೆಯ ಮೇಲೆ ಕುಳಿತು ಹಾರುವ ಕೀಟಗಳನ್ನು ಹಿಡಿಯುವ ನೀಲಿ ನೊಣಹಿಡುಕಗಳು. ನೊಣಹಿಡುಕದ ವಂಶದ ಹಕ್ಕಿಯೊಂದು ಕತ್ತಲ ಕಾಡಿನ ನೆಲಕ್ಕಿಳಿದು ಬಾಳಿದ್ದರಿಂದ ಕಾಲು ನೀಳವಾಗಿ, ರೆಕ್ಕೆ ಗಿಡ್ಡವಾಗಿ, ದೂರದ ಬೇರೊಂದು ಬಳಗದ ಹೋಲಿಕೆ ಬಂದಿದೆ. ಒಂದೇ ಬಗೆಯ ಬದುಕು ಬೇರೆ ಬೇರೆ ವಂಶಗಳಿಗೆ ಒಂದೇ ಮೈಕಟ್ಟು ಕೊಡಬಲ್ಲದು. ಒಂದೂವರೆ ಶತಮಾನ ವಿದ್ವಾಂಸರು ನೋಡಿದ್ದು ಹಕ್ಕಿಯ ಬದುಕನ್ನು. ಓದಿಕೊಂಡದ್ದು ಅದರ ವಂಶವೆಂದು.

ಜಾನಪದ ವಿದ್ಯಾರ್ಥಿಗಳಿಗೆ ಈ ತೊಡಕು ಹೊಸದಲ್ಲ. ಎರಡು ನಾಡುಗಳಲ್ಲಿ ಒಂದೇ ಕತೆ ಸಿಕ್ಕಾಗ ಅವು ಒಂದೇ ಮೂಲದಿಂದ ಹರಿದವೋ, ಒಂದೇ ಬಗೆಯ ಬಾಳುವೆಯಿಂದ ಬೇರೆ ಬೇರೆಯಾಗಿ ಹುಟ್ಟಿದವೋ ಎಂಬ ವಾದ ನಮ್ಮ ಶಾಸ್ತ್ರದಷ್ಟೇ ಹಳೆಯದು. 1910ರಲ್ಲಿ ಆರ್ನೆ ಆರಂಭಿಸಿದ, ಸ್ಟಿತ್ ಥಾಮ್ಸನ್ ಬೆಳೆಸಿದ, 2004ರಲ್ಲಿ ಊಥರ್ ಪರಿಷ್ಕರಿಸಿದ ಕಥಾವರ್ಗಗಳ ಸೂಚಿಯಲ್ಲಿ ವರ್ಗವೆಲ್ಲಿ ಮುಗಿಯುತ್ತದೆ, ಪಾಠಾಂತರವೆಲ್ಲಿ ಮೊದಲಾಗುತ್ತದೆ ಎಂಬುದೂ ಪ್ರಭೇದ–ಉಪಪ್ರಭೇದಗಳ ಜಗಳವೇ. ಸ್ವೀಡನ್ನಿನ ವಾನ್ ಸಿಡೋವ್ ಒಂದು ನೆಲಕ್ಕೆ ಒಗ್ಗಿ ಅಲ್ಲಿನದೇ ಆಗಿಬಿಟ್ಟ ಕತೆಯ ರೂಪಕ್ಕೆ ‘ಓಯ್ಕೋಟೈಪ್’ ಎಂಬ ಪದವನ್ನು ತಂದದ್ದು ಸಸ್ಯಶಾಸ್ತ್ರದಿಂದ. ಸಾಲ ಅಲ್ಲಿಂದ ಪಡೆದ ಮೇಲೆ ಆ ಮನೆಯ ಲೆಕ್ಕವನ್ನು ಆಗಾಗ ನೋಡುವುದು ಒಳ್ಳೆಯದು.

ಜನಪದ ವರ್ಗೀಕರಣದ ಸ್ವರೂಪ

ಶಾಸ್ತ್ರದ ಹೆಸರು ಕುಲ–ಪ್ರಭೇದಗಳ ಜೋಡಿಪದ. ಕನ್ನಡದ ಹಕ್ಕಿಹೆಸರುಗಳಲ್ಲೂ ಇಂಥ ಜೋಡಣೆ ಇದೆ. ನೀರುಕೋಳಿ, ಕಾಡುಕೋಳಿ, ನೀರುಕಾಗೆ, ಹೂಗುಬ್ಬಿ ಎಂಬಲ್ಲಿ ಕೋಳಿ, ಕಾಗೆ, ಗುಬ್ಬಿಗಳು ಕುಲವಾಚಕಗಳಂತೆ ನಿಂತು, ಮುಂದಿನ ಪದ ನೆಲೆಯನ್ನೋ ಆಹಾರವನ್ನೋ ಹೇಳಿ ಬೇರ್ಪಡಿಸುತ್ತದೆ. ನೀರುಕಾಗೆ ಕಾಗೆಯ ನೆಂಟನೆಂದು ಯಾವ ಬೆಸ್ತನೂ ನಂಬಿಲ್ಲ. ಕಪ್ಪು, ಗಾತ್ರ, ನೀರು ಇವಿಷ್ಟನ್ನು ಒಂದೇ ಮಾತಿನಲ್ಲಿ ಹೇಳಲು ಅದೊಂದು ಉಪಾಯ. ಕಾಜಾಣ, ಗೀಜಗ, ಕೆಂಬೂತ, ಪಿಕಳಾರಗಳಂತಹ ಹೆಸರುಗಳು ಮಾತ್ರ ಯಾರ ಆಸರೆಯೂ ಇಲ್ಲದೆ ಒಂಟಿಯಾಗಿ ನಿಲ್ಲುತ್ತವೆ. ಇವೆಲ್ಲ ಊರಿನ ಆಸುಪಾಸಿನಲ್ಲಿ ಬಾಳುವ, ದಿನವೂ ಕಣ್ಣಿಗೆ ಬೀಳುವ ಹಕ್ಕಿಗಳೆಂಬುದನ್ನು ಗಮನಿಸಬೇಕು.

ಜನಪದ ಜ್ಞಾನವನ್ನು ಅಳೆಯಲು ಹೊರಟವರ ಅನುಭವ ಇಲ್ಲಿ ಪ್ರಸ್ತುತ. 1928ರಲ್ಲಿ ನ್ಯೂಗಿನಿಯ ಅರ್ಫಾಕ್ ಬೆಟ್ಟಗಳಲ್ಲಿ ಹಕ್ಕಿಗಳನ್ನು ಸಂಗ್ರಹಿಸಿದ ಅರ್ನ್ಸ್ಟ್ ಮೇಯರ್, ತಾನು 137 ಪ್ರಭೇದಗಳೆಂದು ಗುರುತಿಸಿದ ಹಕ್ಕಿಗಳಿಗೆ ಅಲ್ಲಿನ ಬೆಟ್ಟದ ಜನರಲ್ಲಿ 136 ಹೆಸರುಗಳಿದ್ದವೆಂದು ದಾಖಲಿಸಿದ್ದಾನೆ. ಒಂದೇ ಹೆಸರಿನಲ್ಲಿ ಸೇರಿಹೋದದ್ದು ಎರಡು ಸಣ್ಣ, ಒಂದರಂತೊಂದಿದ್ದ ಉಲಿಯಕ್ಕಿಗಳು. ಈ ಲೆಕ್ಕವನ್ನು ಜನಪದ ಜ್ಞಾನದ ಹಿರಿಮೆಗೆ ಪ್ರಮಾಣಪತ್ರವೆಂಬಂತೆ ಉದ್ಧರಿಸುವುದು ವಾಡಿಕೆಯಾಗಿದೆ. ನನಗೆ ಇದರಲ್ಲಿ ಸ್ವಲ್ಪ ಅಸಮಾಧಾನವಿದೆ. ಶಾಸ್ತ್ರದೊಡನೆ ತಾಳೆಯಾದಷ್ಟು ಮಾತ್ರ ಜನರ ತಿಳಿವಳಿಕೆಗೆ ಬೆಲೆ ಎಂಬ ಊಹೆ ಅದರ ಹಿಂದೆ ಅಡಗಿದೆ. ಅದೇ ನ್ಯೂಗಿನಿಯಲ್ಲಿ ಕಲಾಮ್ ಜನರು ಕ್ಯಾಸೊವರಿಯನ್ನು ಹಕ್ಕಿಗಳ ಗುಂಪಿಗೆ ಸೇರಿಸದೆ, ಬಾವಲಿಯನ್ನು ಸೇರಿಸುತ್ತಾರೆ. ಏಕೆ ಹೀಗೆ ಎಂದು ಕೇಳಿದ ರಾಲ್ಫ್ ಬುಲ್ಮರ್ 1967ರಲ್ಲಿ ಬರೆದ ಪ್ರಬಂಧದಲ್ಲಿ, ಉತ್ತರವನ್ನು ಮೈಲಕ್ಷಣದಲ್ಲಿ ಮಾತ್ರವಲ್ಲದೆ ಕಾಡು–ತೋಟ, ಬಂಧುತ್ವ, ಬೇಟೆಯ ಕಟ್ಟುಪಾಡುಗಳಲ್ಲಿಯೂ ಹುಡುಕಿದ್ದಾನೆ. ತಾಳೆಯಾಗದ ಕಡೆಯೇ ತಿಳಿಯಬೇಕಾದದ್ದು ಹೆಚ್ಚು.

ನಮ್ಮ ಹಕ್ಕಿಗೆ ಸಂಬಂಧಿಸಿದಂತೆ ಇನ್ನೂ ಹತ್ತಿರದ ನಿದರ್ಶನ ಸ್ಟೀವನ್ ಫೆಲ್ಡ್ 1982ರಲ್ಲಿ ಪ್ರಕಟಿಸಿದ ಕಲೂಲಿ ಜನರ ಅಧ್ಯಯನ. ಪಾಪುವ ನ್ಯೂಗಿನಿಯ ಮಳೆಕಾಡಿನ ಈ ಜನರಲ್ಲಿ ಹಕ್ಕಿಗಳ ಎರಡು ವರ್ಗೀಕರಣಗಳು ಜೊತೆಜೊತೆಗೆ ನಡೆಯುತ್ತವೆ. ಒಂದು ಕೊಕ್ಕು–ಕಾಲುಗಳ ಹೋಲಿಕೆಯದು. ಇನ್ನೊಂದು ದನಿಯದು: ಅಳುವವು, ಸಿಳ್ಳೆ ಹಾಕುವವು, ತಮ್ಮ ಹೆಸರನ್ನೇ ಕೂಗುವವು. ದಟ್ಟ ಕಾಡಿನಲ್ಲಿ ಹತ್ತಾರು ಹೆಜ್ಜೆ ಆಚೆಗಿನ ಹಕ್ಕಿ ಕಾಣುವುದಿಲ್ಲ, ಕೇಳುತ್ತದೆ. ಮರಣಿಸಿದವರ ಆತ್ಮಗಳು ಹಕ್ಕಿಗಳಾಗುತ್ತವೆಂಬ ಅವರ ನಂಬಿಕೆಯೂ ಈ ದನಿಗಳನ್ನೇ ಆಧರಿಸಿದೆ. ನಮ್ಮ ಬುಡಬುಡಿಕೆಯವನು ಹಾಲಕ್ಕಿ ನುಡಿಯಿತೆಂದು ಹೇಳಿ ಶಕುನ ಸಾರುವಾಗಲೂ ಮುಖ್ಯವಾದದ್ದು ಹಕ್ಕಿಯ ಬಣ್ಣವಲ್ಲ, ನುಡಿ.

ಶೋಲಾ ಹಕ್ಕಿಗಳ ಅಧ್ಯಯನ ತನ್ನದೇ ದಾರಿಯಲ್ಲಿ ಈ ನೆಲೆಗೆ ಬಂದು ತಲುಪಿತೆಂಬುದು ಗಮನಾರ್ಹ. ಚೇತನಾ ಪುರುಷೋತ್ತಮ್ ಮತ್ತು ರಾಬಿನ್ 2016ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಬಿಳಿಹೊಟ್ಟೆಯ ಹಕ್ಕಿಯ ಹಾಡುಗಳನ್ನು ಬೆಟ್ಟದಿಂದ ಬೆಟ್ಟಕ್ಕೆ ಧ್ವನಿಮುದ್ರಿಸಿ ಹೋಲಿಸಲಾಗಿದೆ. ಪುರಾತನ ಕಂಡಿಯಿಂದ ಬೇರ್ಪಟ್ಟ ಹಕ್ಕಿಗಳ ಹಾಡು ಒಂದು ರೀತಿಯಲ್ಲಿ ಬೇರೆಯಾಗಿದ್ದರೆ, ಇತ್ತೀಚಿನ ಕಾಡುಕಡಿತದಿಂದ ಬೇರ್ಪಟ್ಟವುಗಳ ಹಾಡು ಇನ್ನೊಂದು ರೀತಿಯಲ್ಲಿ ಬೇರೆಯಾಗಿದೆ. ಅಂದರೆ ನಮ್ಮ ಕಾಲದ ಕೊಡಲಿಯ ಗುರುತೂ ಹಕ್ಕಿಯ ಹಾಡಿನಲ್ಲಿ ಮೂಡಿದೆ. ಪಾಠಾಂತರ ಶಾಸ್ತ್ರ ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ವರ್ಗೀಕರಣದಿಂದ ಲೋಕದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ಕೇಳಬಹುದು. ಆಗುತ್ತದೆ. ಎರಡೂ ಒಂದೇ ಪ್ರಭೇದವೆಂದಿದ್ದಾಗ ನೀಲಗಿರಿಯ ಉತ್ತರದ ಹಕ್ಕಿಗಳೆಲ್ಲ ಅಳಿದರೂ ದಕ್ಷಿಣದಲ್ಲಿ ‘ಅದೇ ಹಕ್ಕಿ’ ಉಳಿದಿದೆ ಎನ್ನಬಹುದಿತ್ತು. ಬಿಡಿಸಿದ ಮೇಲೆ ಪ್ರತಿಯೊಂದರ ನೆಲೆಯೂ ಕುಗ್ಗಿತು, ಸಂಖ್ಯೆಯೂ ಇಳಿಯಿತು. ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪುಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಬಂದಿತು. ಯಾವುದನ್ನು ‘ಒಂದು’ ಎಂದು ಎಣಿಸುತ್ತೇವೆ ಎಂಬುದರ ಮೇಲೆ ಯಾವುದು ಕಳೆದುಹೋಯಿತೆಂದು ತಿಳಿಯುವುದು ನಿಂತಿದೆ.

ಶೋಲಾಕಿಳಿ ಎಂಬ ಹೆಸರು

ಹೊಸ ಕುಲನಾಮದ ಮೊದಲ ಭಾಗ ತಮಿಳಿನ ‘ಸೋಲೈ’ ಪದದ ರೂಪಾಂತರ. ಎರಡನೆಯದು ಲ್ಯಾಟಿನ್ನಿನ ‘ಕೋಲ’, ವಾಸಿಸುವುದು ಎಂದರ್ಥ. ಸಾಮಾನ್ಯ ಬಳಕೆಗೆ ಸಂಶೋಧಕರು ಸೂಚಿಸಿದ ‘ಶೋಲಾಕಿಳಿ’ಯಲ್ಲಿ ಎರಡೂ ಭಾಗಗಳು ದ್ರಾವಿಡ. ಜೊತೆಯಲ್ಲೇ ಹೊಸ ಕುಲವೊಂದಕ್ಕೆ ಸೇರಿದ ಬೆಟ್ಟದ ನಗೆಮಲ್ಲಗಳಿಗೂ ‘ಚಿಲಪ್ಪನ್’ ಎಂಬ ಮಲಯಾಳಂ ಪದವನ್ನು ಆರಿಸಿಕೊಂಡರು. ರಾಬಿನ್ ಎಂಬ ಯುರೋಪಿನ ಹೆಸರನ್ನು ಅಂಟಿಸಿಕೊಂಡಿದ್ದ ಹಕ್ಕಿಗೆ ಸ್ಥಳೀಯ ನುಡಿಯೊಂದು ದೊರೆತದ್ದು ಸಂತೋಷವೇ.

ಆದರೂ ಎರಡು ಮಾತು ಹೇಳಬೇಕು. ಮಲಯಾಳದಲ್ಲಿ ‘ಕಿಳಿ’ ಎಂದರೆ ಸಣ್ಣ ಹಕ್ಕಿ. ತಮಿಳಿನಲ್ಲಿ ಮುಖ್ಯವಾಗಿ ಗಿಳಿ. ಅದರ ಸೋದರಪದವಾದ ಕನ್ನಡದ ‘ಗಿಳಿ’ ಗಿಳಿ ಮಾತ್ರ. ಬಾಬಾಬುಡನ್ ಗಿರಿಯ ತಪ್ಪಲಿನ ಕನ್ನಡಿಗನಿಗೆ ಶೋಲಾಕಿಳಿ ಎಂದರೆ ಹಸಿರು ಬಣ್ಣದ, ಕೆಂಪು ಕೊಕ್ಕಿನ ಇನ್ಯಾವುದೋ ಹಕ್ಕಿ ಕಣ್ಣಮುಂದೆ ಬರುತ್ತದೆ. ಎರಡನೆಯದಾಗಿ, ಇದು ಜನರ ಬಾಯಿಂದ ಎತ್ತಿಕೊಂಡ ಹೆಸರಲ್ಲ, ಜನರ ಪದಗಳಿಂದ ಕಟ್ಟಿದ ಹೆಸರು. ಸ್ಥಳೀಯ ಪದ ಬಂದಾಕ್ಷಣ ಸ್ಥಳೀಯ ತಿಳಿವಳಿಕೆಯೂ ಬಂದಿತೆಂದು ಭಾವಿಸಬಾರದು. ಕನ್ನಡದ ಪಕ್ಷಿಕೈಪಿಡಿಗಳು ಇಂಗ್ಲಿಷ್ ಹೆಸರುಗಳನ್ನು ಒಡೆದು ಕಟ್ಟಿರುವ ಎಷ್ಟೋ ಹೆಸರುಗಳಿಗೂ ಈ ಮಾತು ಸಲ್ಲುತ್ತದೆ. ಮೂಡಿಗೆರೆಯ ಕಾಡಿನಲ್ಲಿ ಕುಳಿತು ‘ಹಕ್ಕಿಪುಕ್ಕ’ ಬರೆದ ಪೂರ್ಣಚಂದ್ರ ತೇಜಸ್ವಿಯವರಂಥವರು ಹಕ್ಕಿಯನ್ನೇ ಎದುರಿಗಿಟ್ಟುಕೊಂಡು ಕನ್ನಡದಲ್ಲಿ ಬರೆದರು. ಅವರ ನಂತರದ ಕೆಲಸದಲ್ಲಿ ಪಟ್ಟಿಯಿಂದ ಪಟ್ಟಿಗೆ ನಡೆದ ಅನುವಾದವೇ ಹೆಚ್ಚು.

ಈ ಟೀಕೆಯನ್ನು ಪಕ್ಷಿತಜ್ಞರ ಮೇಲೆ ಹೊರಿಸಿ ಸುಮ್ಮನಾಗುವಂತಿಲ್ಲ. ಹಕ್ಕಿಹೆಸರುಗಳನ್ನು ಜನರಿಂದ ಕೇಳಿ ಬರೆದುಕೊಳ್ಳಬೇಕಾದವರು ನಾವು. 2004ರಲ್ಲಿ ಪಿಎಚ್.ಡಿ. ಅಧ್ಯಯನಕ್ಕಾಗಿ ಬಾಬಾಬುಡನ್ ಗಿರಿಗಳ ತಪ್ಪಲಿನ ಊರೊಂದರಲ್ಲಿ ನಾನು ವಯಸ್ಸಾದ ಹಾಡುಗಾರ್ತಿಯೊಬ್ಬರಿಂದ ಹಾಡುಗಳನ್ನು ಸಂಗ್ರಹಿಸುತ್ತಿದ್ದೆ. ತವರಿಗೆ ಹೋಗುವ ದಾರಿಯ ಹಾಡಿನಲ್ಲಿ ಒಂದು ಹಕ್ಕಿಯ ಹೆಸರು ಬಂದಿತು. ಯಾವ ಹಕ್ಕಿ ಎಂದು ಕೇಳಿದೆ. ಬಣ್ಣ ಯಾವುದೆಂದರೆ ಕತ್ತಲ ಬಣ್ಣವೆಂದರು. ಎಲ್ಲಿರುತ್ತದೆಂದರೆ ಮೇಲಿನ ಕಾಡಿನ ಬುಡದಲ್ಲಿ, ಎಲೆಯಲ್ಲಿ ಎಂದರು. ಆಮೇಲೆ, ಹೀಗೆ ಕೂಗುತ್ತದೆ ಎಂದು ತುಟಿ ಕೂಡಿಸಿ ಸಿಳ್ಳೆ ಹಾಕಿ ತೋರಿಸಿದರು. ಅಷ್ಟರಲ್ಲಿ ನಾನು ಧ್ವನಿಮುದ್ರಕವನ್ನು ನಿಲ್ಲಿಸಿದ್ದೆ. ಹಾಡು ಮುಗಿದಿತ್ತು, ಕ್ಯಾಸೆಟ್ಟು ಉಳಿಸಬೇಕಿತ್ತು, ಸಿಳ್ಳೆ ಸಾಹಿತ್ಯವಾಗಿರಲಿಲ್ಲ. ಮಹಾಪ್ರಬಂಧದ ಅನುಬಂಧದ ಪದಕೋಶದಲ್ಲಿ ಆ ಹೆಸರಿನ ಎದುರು ‘ಒಂದು ಬಗೆಯ ಹಕ್ಕಿ’ ಎಂದು ಬರೆದೆ. ಯಾರೂ ಆಕ್ಷೇಪಿಸಲಿಲ್ಲ.

2017ರ ಪ್ರಬಂಧವನ್ನು ಓದಿದ ಮೇಲೆ ಹಳೆಯ ಕ್ಯಾಸೆಟ್ಟನ್ನು ಹುಡುಕಿ ಕೇಳಿದೆ. ಹಾಡಿನ ಕೊನೆಯ ಸೊಲ್ಲು, ನನ್ನ ಪ್ರಶ್ನೆ, ಗುಂಡಿ ಒತ್ತಿದ ಸದ್ದು. ಅದರಾಚೆಗೆ ಇನ್ನೊಂದು ದಿನದ ಇನ್ನೊಂದು ಹಾಡು. ಆ ವೇಳೆಗೆ ಹಾಡುಗಾರ್ತಿ ತೀರಿಕೊಂಡಿದ್ದರು. ಕತ್ತಲ ಬಣ್ಣ, ಕಾಡಿನ ನೆಲ, ಸಿಳ್ಳೆ ಇವು ಮೂರೂ ನೀಲಿ ಹಕ್ಕಿಗೆ ಹೊಂದುತ್ತವೆ. ಸಿಳ್ಳಾರಗಳಿಗೂ ಹೊಂದುತ್ತವೆ, ಅದೇ ಕಾಡಿನ ಇನ್ನೆರಡು ಮೂರು ಹಕ್ಕಿಗಳಿಗೂ ಹೊಂದುತ್ತವೆ. ಬೇರ್ಪಡಿಸಬಹುದಾಗಿದ್ದ ಏಕೈಕ ಲಕ್ಷಣ ಆ ದನಿಯಾಗಿತ್ತು. ಆಕೆ ಉಪಯೋಗಿಸಿದ ಹೆಸರನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಮುದ್ರಿಸಿಲ್ಲ. ಗುರುತು ಖಚಿತವಾಗದ ಹೆಸರನ್ನು ಈ ಹಕ್ಕಿಯ ಚರ್ಚೆಯ ನಡುವೆ ಅಚ್ಚು ಹಾಕಿದರೆ ಮುಂದಿನ ನಿಘಂಟುಕಾರರು ಅದನ್ನು ನೀಲಿ ಹಕ್ಕಿಯ ಕನ್ನಡ ಹೆಸರೆಂದು ಎತ್ತಿಕೊಳ್ಳುವ ಸಂಭವವಿದೆ. ಜೆರ್ಡನ್ ಮಾಡಿದ್ದಕ್ಕಿಂತ ಅದು ದೊಡ್ಡ ತಪ್ಪಾದೀತು.

ನಮ್ಮ ವಿಶ್ವವಿದ್ಯಾಲಯಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಇಂಥ ನೂರಾರು ಕ್ಯಾಸೆಟ್ಟುಗಳು ಬೂಸ್ಟು ಹಿಡಿಯುತ್ತಿವೆ. ಹಾಡುಗಳ ಪಠ್ಯ ಅಚ್ಚಾಗಿದೆಯೆಂಬ ಕಾರಣಕ್ಕೆ ಮೂಲ ಧ್ವನಿಯನ್ನು ಯಾರೂ ಕೇಳುವುದಿಲ್ಲ. ಹಾಡಿನ ನಡುವೆ ಕೇಳಿಸುವ ಕೋಳಿ, ನಾಯಿ, ಮಳೆಗಳ ಜೊತೆಗೆ ಕೆಲವದರಲ್ಲಾದರೂ ಹಾಡುಗಾರರು ಹಕ್ಕಿಯ ದನಿಯನ್ನು ಅನುಕರಿಸಿ ತೋರಿಸಿದ ಕ್ಷಣಗಳು ಉಳಿದಿರಬೇಕು. ಎಲ್ಲ ಸಂಗ್ರಾಹಕರೂ ನನ್ನಷ್ಟು ಮಿತವ್ಯಯಿಗಳಾಗಿರಲಾರರು. ಅವುಗಳನ್ನು ಪಕ್ಷಿಧ್ವನಿ ಬಲ್ಲವರ ಜೊತೆ ಕುಳಿತು ಕೇಳುವ ಕೆಲಸವನ್ನು ನನ್ನದೇ 41 ಕ್ಯಾಸೆಟ್ಟುಗಳಿಂದ ಆರಂಭಿಸಿದ್ದೇನೆ. ಇದುವರೆಗೆ ಹದಿನಾರು ಮುಗಿದಿವೆ. ಒಂದರಲ್ಲಿ, ಸೋಬಾನೆಯ ಎರಡು ಸೊಲ್ಲುಗಳ ನಡುವೆ, ಯಾರೋ ಮಗು ಕಾಜಾಣದಂತೆ ಕೂಗುತ್ತದೆ, ದೊಡ್ಡವರು ಗದರಿಸುತ್ತಾರೆ, ಹಾಡು ಮುಂದುವರಿಯುತ್ತದೆ.